ಮಂಗಳೂರು ಹೆಂಚಿನ ಕಾರ್ಖಾನೆಗಳ ಚಿತ್ರ ಸರಣಿ: ಇನ್ನು ಅಟ್ಟದ ಸರದಿ

ಹೆಂಚಿನ ಕಾರ್ಖಾನೆಗಳ ಚಿಮಣಿಗಳ ಚಿತ್ರ ತೆಗೆಯುವ ಕೆಲಸ ಒಂದು ಹಂತಕ್ಕೆ ಬಂತು. ಮಂಗಳೂರಿನ ಜೆಪ್ಪು, ಬೋಳಾರ, ಹೊಯ್ಗೆಬಜಾರ್ ಕಡೆ ರಸ್ತೆಯಿಂದ ಕಾಣುವಷ್ಟನ್ನು ತೆಗೆದಾಯಿತು. ಇನ್ನು ಕ್ಯಾಮೆರಾ ಒಳಗೆ ಹೋಗಬೇಕು.

ಯಾಕೆಂದರೆ ಈ ಕಾರ್ಖಾನೆಗಳ ನಿಜವಾದ ಜಾಣತನ ಇರುವುದು ಅಟ್ಟದಲ್ಲಿ. ಕೆಳಗೆ ಭಟ್ಟಿ, ಅದರ ಮೇಲೆ ಮರದ ಅಂತಸ್ತುಗಳು. ಅಚ್ಚಿನಿಂದ ಬಂದ ಹಸಿ ಹೆಂಚನ್ನು ಅಲ್ಲಿ ಸಾಲಾಗಿ ಜೋಡಿಸುತ್ತಿದ್ದರು. ಭಟ್ಟಿಯ ಬಿಸಿ ಮೇಲೇರಿ ಅದನ್ನು ಒಣಗಿಸುತ್ತಿತ್ತು. ಕರಾವಳಿಯ ಮಳೆಗಾಲದಲ್ಲಿ ಬಿಸಿಲನ್ನು ನಂಬಿ ಕೂರೋದಕ್ಕಾಗಲ್ಲ, ಅಲ್ವಾ? ಒಂದೇ ಬೆಂಕಿಯಲ್ಲಿ ಒಣಗಿಸುವುದೂ ಆಯಿತು, ಸುಡುವುದೂ ಆಯಿತು. ಆ ಎತ್ತರದ ಮಾಡು ಸುಮ್ನೆ ಚಂದಕ್ಕೆ ಕಟ್ಟಿದ್ದಲ್ಲ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಉದ್ಯಮ ಇದು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ದೋಣಿಯಲ್ಲೇ ಬರುತ್ತಿತ್ತು. ಹಾಗಾಗಿ ಹೆಚ್ಚಿನ ಕಾರ್ಖಾನೆಗಳು ನೀರಿನ ಬದಿಯಲ್ಲೇ ಇದ್ದವು. ಆಮೇಲೆ ತಾರಸಿ ಮನೆಗಳು ಬಂದವು. ಮಣ್ಣು ಸಿಗುವುದು ಕಷ್ಟವಾಯಿತು, ಸೌದೆ ದುಬಾರಿಯಾಯಿತು. ಒಂದೊಂದಾಗಿ ಬಾಗಿಲು ಹಾಕಿದವು.

ಕೆಡವುವಾಗ ಮೊದಲು ಇಳಿಯುವುದು ಹೆಂಚು, ಆಮೇಲೆ ಮರ. ಎರಡಕ್ಕೂ ಕೊಳ್ಳುವವರಿದ್ದಾರೆ. ಚಿಮಣಿ ಇನ್ನೂ ನಿಂತಿರುವಾಗಲೇ ಅಟ್ಟ ಮಾಯವಾಗಿರುತ್ತದೆ. ನನ್ನ ಅವಸರಕ್ಕೆ ಇದೇ ಕಾರಣ.

ಹೊರಗಿನ ಚಿತ್ರಗಳಿಗೆ ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿಯ ದಾರಿ ಹಿಡಿದಿದ್ದೆ. ಅವರು 1959ರಿಂದ ಜೊತೆಯಾಗಿ ಗಣಿಗಳ, ನೀರಿನ ಗೋಪುರಗಳ ಚಿತ್ರ ತೆಗೆದವರು. ಮೋಡದ ಮಂಕು ಬೆಳಕು, ನೇರ ಎದುರಿನ ನೋಟ, ಕಪ್ಪು ಬಿಳುಪು. ಮೊದಲೆರಡನ್ನು ಇಟ್ಟುಕೊಂಡೆ, ಮೂರನೆಯದನ್ನು ಬಿಟ್ಟೆ. ಮಣ್ಣಿನೊಳಗಿನ ಕಬ್ಬಿಣ ಬೆಂಕಿಗೆ ಸಿಕ್ಕಿ ಬರುವ ಆ ಕೆಂಪು ಇಲ್ಲದೆ ಮಂಗಳೂರು ಹೆಂಚನ್ನು ಹೇಗೆ ತೋರಿಸುವುದು?

ಅಟ್ಟದಲ್ಲಿ ಬೆಳಕಿನ ಲೆಕ್ಕವೇ ಬೇರೆ. ಮಾಡಿನ ಸಂದುಗಳಲ್ಲಿ ಕಣ್ಣು ಕೋರೈಸುವ ಬಿಳುಪು, ಎರಡು ಹೆಜ್ಜೆ ಆಚೆ ಕತ್ತಲೆ. ಟ್ರೈಪಾಡ್ ಇಟ್ಟು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು (ಐಎಸ್‌ಒ) 100ಕ್ಕೆ ಇಳಿಸಿ, ಒಂದೇ ನೋಟವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬೆಳಕು ಬಿಟ್ಟು, ತೆಗೆಯುತ್ತೇನೆ. ಆದರೆ ಆ ಚಿತ್ರಗಳನ್ನೆಲ್ಲ ಒಂದಾಗಿ ಬೆರೆಸಿ ಕತ್ತಲೆಯನ್ನು ಅಳಿಸುವುದಿಲ್ಲ. ಅಲ್ಲಿ ಕೆಲಸ ಮಾಡಿದವರ ಕಣ್ಣಿಗೆ ಕಂಡದ್ದು ಆ ಮಬ್ಬೇ.

ಬೋಳಾರದ ಮುಚ್ಚಿದ ಕಾರ್ಖಾನೆಯೊಂದಕ್ಕೆ ಈಗ ಅನುಮತಿ ಸಿಕ್ಕಿದೆ. ಹಿಂದೆ ಅಲ್ಲಿ ದುಡಿದ ಹಿರಿಯರೊಬ್ಬರು ಜೊತೆಗೆ ಬರುತ್ತಾರೆ. ಯಾವ ಹಲಗೆ ಗಟ್ಟಿಯಿದೆ, ಎಲ್ಲಿ ಕಾಲಿಡಬಹುದು ಎನ್ನುವುದು ಅವರಿಗೇ ಗೊತ್ತು. ಯಾವ ಮೂಲೆಯಲ್ಲಿ ಯಾವ ಕೆಲಸ ನಡೆಯುತ್ತಿತ್ತು ಅಂತ ಅವರಿಂದ ಕೇಳಿ ಪ್ರತಿ ಚಿತ್ರದ ಕೆಳಗೆ ಬರೆಯುತ್ತೇನೆ. ಮಳೆ ಹಿಡಿಯುವ ಮೊದಲೇ ಇದು ಮುಗಿಯಬೇಕು.