ನೆರಳು ಗಡಿಯಾರ: 15 ನಿಮಿಷ ಹೇಗೆ 45 ಆಯಿತು?

ಕೊನೆಗೂ ಗಂಟು ಬಿಚ್ಚಿತು. ಓರೆ ಕಂಬಿಯ ನೆರಳು ಯಾವ ಗೆರೆ ಮೇಲೆ ಬಿತ್ತು ನೋಡಿ ಗಂಟೆ ಹೇಳುವ ನಮ್ಮ ಶಾಲೆ ಅಂಗಳದ ನೆರಳು ಗಡಿಯಾರ ನವೆಂಬರ್ ಮೊದಲ ವಾರದಲ್ಲಿ ಕೈಗಡಿಯಾರಕ್ಕಿಂತ 15 ನಿಮಿಷ ಹಿಂದಿತ್ತು. ಫೆಬ್ರವರಿ ನಡುವಿಗೆ ನೋಡಿದರೆ 45 ನಿಮಿಷ ಹಿಂದೆ! ಕಂಬಿ ಅಲುಗಾಡಿಲ್ಲ, ಕಟ್ಟೆ ಕುಸಿದಿಲ್ಲ. ಉತ್ತರ ದಿಕ್ಕನ್ನೂ ಮತ್ತೆ ಹಿಡಿದು ನೋಡಿದೆವು, ಸರಿಯಾಗಿಯೇ ಇದೆ.

ಕಟ್ಟೆ ಕಟ್ಟಿದ್ದು, ಅದರ ಮೇಲೆ ಗಂಟೆಗೆರೆ ಎಳೆದದ್ದು ಇರಲಿ. ವೆಲ್ಡಿಂಗ್ ಅಂಗಡಿಯ ಪುರಾಣ ಮಾತ್ರ ಹೇಳಲೇಬೇಕು. ನಮ್ಮ ಊರು ಶಿರಸಿಯ ಅಕ್ಷಾಂಶ 14.6 ಡಿಗ್ರಿ, ನೆಲದಿಂದ ಕಂಬಿಯ ಓರೆಯೂ ಅಷ್ಟೇ ಬೇಕು. "ಅಂಥದ್ದೆಲ್ಲ ಯಾರು ಮಾಡಿಸ್ತಾರೆ ಅಕ್ಕೋರೇ? 45 ಡಿಗ್ರಿ ಸಾಕಾದ್ರೆ ಈಗ್ಲೇ ಕೊಡ್ತೇನೆ" ಅಂದರು ಅಂಗಡಿಯವರು. ಆಮೇಲೆ ಬರೀ "ನಾಳೆ ಬನ್ನಿ". ರಟ್ಟಿನ ತ್ರಿಕೋನ ಕತ್ತರಿಸಿ ಮೇಜಿನ ಮೇಲಿಟ್ಟ ಮೇಲೆ ಕೆಲಸ ಆಯಿತು.

ಇನ್ನು ಆ 45 ನಿಮಿಷ. ಅದರಲ್ಲಿ 31 ಯಾವತ್ತೂ ಇರುವಂಥದ್ದು. ನಮ್ಮ ಕೈಗಡಿಯಾರ ನಡೆಯುವುದು ಕಾಕಿನಾಡದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಏಳೂವರೆ ಡಿಗ್ರಿಗೂ ತುಸು ಹೆಚ್ಚು ಪಶ್ಚಿಮಕ್ಕಿದ್ದೇವೆ, ಡಿಗ್ರಿಗೆ 4 ನಿಮಿಷ. ಇಷ್ಟನ್ನು ಏಳನೇ ತರಗತಿಯವರು ಬೇಗ ಹಿಡಿದರು. ಆದರೆ 31 ಯಾವತ್ತೂ ಇರುವಂಥದ್ದಾದರೆ ಆಗ ಬರೀ 15 ಇದ್ದದ್ದು ಈಗ 45 ಯಾಕೆ? ಕಾರಣ ನನಗೆ ಗೊತ್ತಿತ್ತು. ಹೇಳದೆ ಬಾಯಿ ಮುಚ್ಚಿಕೊಂಡಿರುವುದೇ ಈ ಯೋಜನೆಯ ಅತಿ ಕಷ್ಟದ ಕೆಲಸ. ತರಗತಿಯೊಳಗಾದರೆ ಹಲಗೆ ಮೇಲೆ ಬರೆದು ಮುಗಿಸಿಬಿಡುತ್ತಿದ್ದೆ. "ಕಂಬಿಗೆ ಸೆಲ್ ಹಾಕಬೇಕು" ಅಂತ ಒಬ್ಬ ಸಲಹೆ ಕೊಟ್ಟ.

ದಾರಿ ತೋರಿಸಿದ್ದು ಧ್ವಜದ ಕಟ್ಟೆ ಪಕ್ಕದ ಬಿದಿರು ಗಳ. ಚಳಿಗಾಲದಲ್ಲಿ ನೆರಳು ಎಷ್ಟು ಉದ್ದವಾಗುತ್ತದೆ ನೋಡೋಣ ಅಂತ ಸುಮ್ನೆ ಶುರು ಮಾಡಿದ್ದೆವು. ಪ್ರತಿ ಶುಕ್ರವಾರ 12:30ಕ್ಕೆ, ಬಿಸಿಯೂಟಕ್ಕೆ ಓಡುವ ಮೊದಲು, ನೆರಳಿನ ತುದಿಗೆ ಒಂದು ಮೊಳೆ. ಉದ್ದ ಡಿಸೆಂಬರ್‌ವರೆಗೆ ಬೆಳೆದು ಮತ್ತೆ ಕುಗ್ಗಿತು, ಅದು ನಿರೀಕ್ಷೆ ಇದ್ದದ್ದೇ. ಆದರೆ ಮೊಳೆಗಳು ಒಂದೇ ನೇರ ಗೆರೆಯಲ್ಲಿರಲಿಲ್ಲ! ನವೆಂಬರ್‌ನವು ಉತ್ತರ-ದಕ್ಷಿಣ ಗೆರೆಯ ಪೂರ್ವಕ್ಕೆ, ಫೆಬ್ರವರಿಯವು ಪಶ್ಚಿಮಕ್ಕೆ. ಗೆರೆ ದಾಟಿದ್ದು ಡಿಸೆಂಬರ್ ಕೊನೆಗೆ. ನೆರಳು ಸರಿಯಾಗಿ ಆ ಗೆರೆ ಮೇಲೆ ಬಿದ್ದಾಗಲೇ ಸೂರ್ಯನ ಮಧ್ಯಾಹ್ನ. ಹುಡುಗಿಯೊಬ್ಬಳು ದಾರ ಎಳೆದು ನೋಡಿ, "ಅಕ್ಕೋರೇ, ನಮ್ಮ ಗಡಿಯಾರ ಸರಿ ಉಂಟು. ಸೂರ್ಯನೇ ಲೇಟು ಮಾಡ್ತಾ ಹೋಗಿದ್ದು" ಅಂದಳು.

ನನ್ನ ಬಾಯಿ ತೆರೆದದ್ದು ಆಮೇಲೆ. ಜನವರಿ ಆರಂಭದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಓಟವೂ ಜೋರು. ಅದಕ್ಕೆ ಭೂಮಿಯ ಅಕ್ಷದ 23.5 ಡಿಗ್ರಿ ಓರೆಯೂ ಸೇರುತ್ತದೆ. ಹಾಗಾಗಿ ಈ ತಿಂಗಳುಗಳಲ್ಲಿ ಸೂರ್ಯನ ಮಧ್ಯಾಹ್ನ ದಿನಕ್ಕೆ ಕೆಲವೇ ಸೆಕೆಂಡು ತಡವಾಗುತ್ತಾ ಬಂದು, ಒಟ್ಟು ಅರ್ಧ ಗಂಟೆ ಆಗಿಬಿಡುತ್ತದೆ. ನವೆಂಬರ್‌ನಲ್ಲಿ 31ರಿಂದ 16 ಕಳೆದು 15, ಫೆಬ್ರವರಿಯಲ್ಲಿ 31ಕ್ಕೆ 14 ಕೂಡಿ 45. ಓಟದ ಮಾತು ಮಕ್ಕಳಿಗೆ ತಲೆಗೆ ಹೋಯಿತು, ಓರೆಯದ್ದು ಹೋಗಲಿಲ್ಲ. ಹೈಸ್ಕೂಲಿನವರು ನೋಡಿಕೊಳ್ಳಲಿ. ಮೊಳೆ ಹೊಡೆಯುವುದಂತೂ ನಿಲ್ಲಿಸುವುದಿಲ್ಲ, ಮೊಳೆಗಳೆಲ್ಲ ಸೇರಿ ಮೂಡಿಸುವ ಎಂಟರ (8) ಆಕಾರ ಪೂರ್ತಿ ಕಾಣಲು ವರ್ಷ ಬೇಕು.

ಸೂರ್ಯ ನೆತ್ತಿ ಮೇಲೆ ಬಂದು ಮಧ್ಯಾಹ್ನ ನೆರಳೇ ಕಾಣದ ಶೂನ್ಯ ನೆರಳಿನ ದಿನ ಮಾಡಿ ಅಂತ ಯಾರೂ ಹೇಳಬೇಡಿ. ನಮಗೆ ಅದು ಬರುವುದು ಏಪ್ರಿಲ್ ಕೊನೆಗೆ, ಆಗ ಬೇಸಿಗೆ ರಜೆ. ಇನ್ನೊಮ್ಮೆ ಆಗಸ್ಟ್ ನಡುವಿಗೆ. ಆಗಸ್ಟಿನ ಶಿರಸಿಯಲ್ಲಿ ಬಿಸಿಲು ಎಲ್ಲಿಂದ ತರಲಿ?

ಅದಕ್ಕೇ ಮುಂದಿನದು ಮಳೆ ಮಾಪಕ. ತರಿಸಿದ್ದ ಪ್ಲಾಸ್ಟಿಕ್ ಮಾಪಕದ ಅಂಕಿಗಳು ಮೊದಲ ತೊಳೆತಕ್ಕೇ ಅಳಿಸಿಹೋದವು, ಅಂಗಡಿಯವರು ಫೋನ್ ಎತ್ತುತ್ತಿಲ್ಲ. ಬಾಟಲಿ ಕತ್ತರಿಸಿ, ತಳದ ಉಬ್ಬುತಗ್ಗಿಗೆ ಸಿಮೆಂಟ್ ತುಂಬಿ ನಾವೇ ಮಾಡುತ್ತೇವೆ. ಮೇಲಿಂದ ಕೆಳಗೆ ಒಂದೇ ಅಗಲ ಇರುವ ಎತ್ತರದ ಡಬ್ಬ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಜೂನ್‌ಗೆ ಮುಂಚೆ ಹೇಳಿ.