ಜೀಪಿನ ಪೆನ್‌ಡ್ರೈವ್

ಬಟವಾಡೆ ಶನಿವಾರ. ಅಪ್ಪನ ಲ್ಯಾಪ್‌ಟಾಪ್ ಕೈಕೊಟ್ಟಿದ್ದು ಶುಕ್ರವಾರ ಸಂಜೆ. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಅರೇಬಿಕಾ ಕಾಫಿ ಕೊಯ್ಲು ಜೋರಾಗಿತ್ತು. ಯಾರು ಯಾವತ್ತು ಎಷ್ಟು ಕೆಜಿ ಹಣ್ಣು ಕೊಯ್ದರು ಅನ್ನುವ ಲೆಕ್ಕವೆಲ್ಲ ಅದರೊಳಗೇ. ಬ್ಯಾಟರಿ ಸತ್ತು ವರ್ಷವಾಗಿದ್ದ ಯಂತ್ರ, ಕರೆಂಟ್ ಹೋದದ್ದೇ ನೆಪ; ಆಮೇಲೆ ಆನ್ ಮಾಡಿದಾಗಲೆಲ್ಲ ಬಿಳಿ ಚುಕ್ಕಿಗಳು ಗಿರಗಿರ ಸುತ್ತಿ, ರಿಪೇರಿ ಆಗುತ್ತಿದೆ ಎಂದು ಹೇಳಿ, ಮತ್ತೆ ಮೊದಲಿನಿಂದ ಸುತ್ತುತ್ತಿದ್ದವು.

ಇದ್ದದ್ದು ವಿಂಡೋಸ್ 10. ಅದರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಈ ಮುದಿ ಯಂತ್ರದಲ್ಲಿಲ್ಲ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕೋಣ ಎಂದೆ. 'ಏನಾದ್ರೂ ಹಾಕು, ನಾಳೆ ಲೆಕ್ಕ ಬೇಕು' ಎಂದರು ಅಪ್ಪ.

ನಮ್ಮಲ್ಲಿ ಸಿಗ್ನಲ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಫೋನನ್ನು ಅಲ್ಲಿನ ಗೋಡೆ ಮೇಲಿಟ್ಟು ಕಾದೆ. ಮಿಂಟ್ ಇಡಿಯಾಗಿ ತುಂಬಿರುವ, ಮೂರು ಜಿಬಿ ಹತ್ತಿರದ ಐಎಸ್ಒ ಫೈಲು ಇಳಿಯುವಷ್ಟರಲ್ಲಿ ರಾತ್ರಿ ಎಂಟೂವರೆ. ಮನೆಯಲ್ಲಿದ್ದದ್ದು ಒಂದೇ ಪೆನ್‌ಡ್ರೈವ್, ಅದೂ ಜೀಪಿನ ಸ್ಟೀರಿಯೋದಲ್ಲಿ. ಕಿತ್ತುಕೊಂಡು ಪಕ್ಕದ ತೋಟದ ರೈಟರ್ ಮನೆಗೆ ಹೋಗಿ, ಅವರ ಕಂಪ್ಯೂಟರಿನಲ್ಲಿ ಫೈಲನ್ನು ಅದಕ್ಕೆ ಕಾಪಿ ಮಾಡಿ ತಂದೆ. ಬೂಟ್ ಆಗಲಿಲ್ಲ.

ಆಗಬಾರದು ಕೂಡ. ಪಲ್ಪರ್ ಯಂತ್ರವನ್ನು ಪ್ಯಾಕಿಂಗ್ ಪೆಟ್ಟಿಗೆ ಸಮೇತ ತಂದಿಟ್ಟು ಹಣ್ಣು ಸುರಿದರೆ ಸಿಪ್ಪೆ ಬಿಡುತ್ತದೆಯೇ? ಐಎಸ್ಒ ಅನ್ನುವುದು ಕಟ್ಟಿದ ಪೆಟ್ಟಿಗೆ. ಕಂಪ್ಯೂಟರ್ ಹುಡುಕುವುದು ಒಳಗಿರುವ ಬೂಟ್‌ಲೋಡರನ್ನು, ಅಂದರೆ ಮಿಂಟನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮನ್ನು. ರೂಫಸ್‌ನಂಥ ತಂತ್ರಾಂಶ ಪೆಟ್ಟಿಗೆ ಬಿಚ್ಚಿ ಅದನ್ನೆಲ್ಲ ಡ್ರೈವಿನಲ್ಲಿ ಸರಿಯಾಗಿ ಜೋಡಿಸಬೇಕು. ಇದು ನೆನಪಾದದ್ದು ಹತ್ತು ಗಂಟೆಗೆ. ಆ ಹೊತ್ತಿಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಬಂದ ಮೆಸೇಜೂ ಇತ್ತು. ಮತ್ತೆ ರೈಟರ್ ಮನೆಗೆ ಜೀಪಿನಲ್ಲೇ, ಹಾರ್ನ್ ಮಾಡದೆ ಹೋದೆ. ರೂಫಸ್ 'ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ' ಎಂದು ಎಚ್ಚರಿಸಿತು. ಆಕಳಿಸುತ್ತಾ ಓಕೆ ಒತ್ತಿದೆ.

ಮನೆಗೆ ಬಂದು, ಲ್ಯಾಪ್‌ಟಾಪ್ ಪೆನ್‌ಡ್ರೈವಿನಿಂದ ಶುರುವಾಗಲಿ ಎಂದು ಎಫ್12 ಕೀಲಿಯನ್ನು ಟಕಟಕ ಕುಟ್ಟಿದೆ. ಮಿಂಟ್ ತೆರೆದುಕೊಂಡಿತು. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವಿನಿಂದ ನಡೆಯುತ್ತದೆ, ಹಳೇ ಡಿಸ್ಕಿನ ಫೈಲುಗಳೂ ಕಾಣುತ್ತವೆ. ಬಟವಾಡೆ ಶೀಟು ಸಿಕ್ಕಿತು. ತೆರೆದರೆ ಕೆಜಿ, ರೂಪಾಯಿ ಸರಿ, ಹೆಸರುಗಳ ಕಾಲಂ ಮಾತ್ರ ಬರೀ ಕೊಕ್ಕೆ ಬಾಲಗಳ ರೋಮನ್ ಅಕ್ಷರ! ಅರೆಗಳಿಗೆ ಕೈಕಾಲು ತಣ್ಣಗಾಯಿತು. ಆಮೇಲೆ ಹೊಳೆಯಿತು: ಅಪ್ಪ ಟೈಪ್ ಮಾಡುವುದು ಹಳೇ ನುಡಿ ತಂತ್ರಾಂಶದಲ್ಲಿ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡಿನಲ್ಲಲ್ಲ. ಫಾಂಟ್ ಇಲ್ಲದಿದ್ದರೆ ಆ ಕನ್ನಡ ಕನ್ನಡವೇ ಅಲ್ಲ. ಸತ್ತ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದಲೇ ನುಡಿ ಫಾಂಟುಗಳನ್ನು ಎತ್ತಿ ಮಿಂಟಿಗೆ ಹಾಕಿ, ಶೀಟನ್ನು ಮುಚ್ಚಿ ತೆರೆದೆ. ಹೆಸರುಗಳೆಲ್ಲ ಸಾಲಾಗಿ ಬಂದು ನಿಂತವು. ಪಕ್ಕದಲ್ಲಿ ಕೂತಿದ್ದ ಅಪ್ಪ ಒಂದೊಂದನ್ನೂ ಜೋರಾಗಿ ಓದಿದರು, ಹಾಜರಿ ಕೂಗುವ ಹಾಗೆ.

ಲೆಕ್ಕವನ್ನು ಫೋನಿಗೆ ಇಳಿಸಿಕೊಂಡು ಬಟವಾಡೆ ಮುಗಿಸಿದೆವು. ಇನ್‌ಸ್ಟಾಲ್ ಮಾಡಿದ್ದು ಸೋಮವಾರ, ಅರ್ಧ ಗಂಟೆಯ ಕೆಲಸ.

ನಡುವೆ ಭಾನುವಾರ ಮೂಡಿಗೆರೆಗೆ ಹೊರಟಾಗ ಅಪ್ಪ ಪೆನ್‌ಡ್ರೈವನ್ನು ಸ್ಟೀರಿಯೋಗೆ ಚುಚ್ಚಿದರು. ಹದಿನೈದು ವರ್ಷದಿಂದ ಕೂಡಿಟ್ಟ ರಾಜ್‌ಕುಮಾರ್ ಹಾಡುಗಳಿದ್ದವಂತೆ. 'ನೋ ಫೈಲ್' ಎಂದು ಮಿನುಗಿತು. ಊರು ತಲುಪುವವರೆಗೂ ನಾನು ಕಿಟಕಿಯಾಚೆಗೇ ನೋಡುತ್ತಿದ್ದೆ.