ಬರದ ವರ್ಷದ ಭೂಮಿ ಹುಣ್ಣಿಮೆ

28 ಅಕ್ಟೋಬರ್ 2023, ಶನಿವಾರ
ಸೊರಬ ತಾಲೂಕು

ನಿನ್ನೆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಭೂಮಿ ಹುಣ್ಣಿಮೆ ಅಡುಗೆ ಅಂದರೆ ಹಾಗೇ. ತೆನೆ ಹೊತ್ತ ಭೂಮಿತಾಯಿಯನ್ನು ಬಸುರಿ ಅಂತ ಭಾವಿಸಿ ಬಯಕೆ ಊಟ ಉಣಿಸುವ ಹಬ್ಬ ಇದು. ಬೆರಕೆ ಸೊಪ್ಪು ಹೆಚ್ಚಿ, ಅಮಟೆಕಾಯಿ ಹಾಕಿ ಬೇಯಿಸಿ, ಕಡುಬು ಹಬೆಗಿಟ್ಟು ಮುಗಿಸುವಷ್ಟರಲ್ಲಿ ಕೋಳಿ ಕೂಗಿತು. ಮಳೆ ಬಂದಿದ್ದರೆ ಬೇಲಿ ಸಾಲಿನಲ್ಲೇ ಬೇಕಾದಷ್ಟು ಸೊಪ್ಪು ಸಿಗುತ್ತಿತ್ತು. ಈ ಸಲ ಹಳ್ಳದ ದಂಡೆವರೆಗೂ ಹೋಗಿ ಹುಡುಕಬೇಕಾಯಿತು.

ಅತ್ತೆ ಮಾತ್ರ ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಮಹಾನವಮಿಯಿಂದಲೇ ಭೂಮಣ್ಣಿ ಬುಟ್ಟಿ, ಅಂದರೆ ಹಬ್ಬದ ಅಡುಗೆ ಗದ್ದೆಗೆ ಹೊತ್ತೊಯ್ಯುವ ಚಿತ್ತಾರದ ಬುಟ್ಟಿ, ಹಿಡಿದು ಕೂತಿದ್ದರು. ಮೊದಲು ಸಗಣಿ ಬಳಿದು ಒಣಗಿಸಿದರು. ಮೇಲೆ ಕೆಮ್ಮಣ್ಣು. ಆಮೇಲೆ ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಅದ್ದಿ, ಕೂದಲೆಳೆಯಷ್ಟು ಸಣ್ಣ ಗೆರೆ. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಆದರೂ ಒಂದು ಗೆರೆಯೂ ಸೊಟ್ಟ ಆಗಿಲ್ಲ. ಬುಟ್ಟಿ ತುಂಬಾ ಭತ್ತದ ಸಸಿ ಬರೆದಿದ್ದಾರೆ.

ಗದ್ದೆಯಲ್ಲಿ ಏನಿದೆ ಅಂತ ಪೂಜೆ ಅಮ್ಮಾ ಅಂತ ಮಗ ಕೇಳಿದ. ಕೇಳುವುದರಲ್ಲಿ ತಪ್ಪೇನಿದೆ? ಜೂನ್ ಮಳೆ ಕೈಕೊಟ್ಟಿತು. ಆಗಸ್ಟ್ ಅಂತೂ ಸುಮ್ನೆ ಬಿಸಿಲಲ್ಲೇ ಹೋಯಿತು. ದೇಶದಲ್ಲಿ ನೂರಕ್ಕೂ ಜಾಸ್ತಿ ವರ್ಷಗಳಲ್ಲಿ ಇಷ್ಟು ಒಣಗಿದ ಆಗಸ್ಟ್ ಇರಲಿಲ್ಲವಂತೆ. ರಾಜ್ಯದ 236 ತಾಲೂಕುಗಳಲ್ಲಿ 216 ಬರಪೀಡಿತ ಅಂತ ಸರ್ಕಾರವೇ ಹೇಳಿದೆ. ನಮ್ಮ ಮೇಲಿನ ಗದ್ದೆಯ ತೆನೆ ಉಗುರಲ್ಲಿ ಒತ್ತಿ ನೋಡಿದೆ. ಹಾಲೇ ಇಲ್ಲ, ಬರೀ ಜೊಳ್ಳು.

ಅತ್ತೆ ಅವನಿಗೆ ಹೇಳಿದ್ದು ಇಷ್ಟೇ: "ಬಸುರಿ ಸೊರಗಿದಾಳೆ ಅಂತ ಯಾರಾದ್ರೂ ಬಯಕೆ ಊಟ ನಿಲ್ಲಿಸ್ತಾರೇನೋ?"

ನನಗೆ ಆ ಮಾತು ಬೆಳಗಿನಿಂದ ಬಿಡುತ್ತಿಲ್ಲ. ಈ ಹಬ್ಬ ಬರುವುದೇ ಕೊಯ್ಲಿಗೆ ಮುಂಚೆ. ಎಷ್ಟು ಚೀಲ ಆಗುತ್ತೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ? ನಮ್ಮ ಹಿರಿಯರು ಭೂಮಿತಾಯಿಗೆ ಉಣಿಸುವ ದಿನವನ್ನು ಲೆಕ್ಕ ಗೊತ್ತಾಗುವ ಮೊದಲೇ ಇಟ್ಟರು. ಕೊಟ್ಟಮೇಲೆ ಕೈಮುಗಿಯೋಣ ಅಂತ ಕಾದಿದ್ದರೆ ಈ ವರ್ಷ ನಮ್ಮ ಊರಲ್ಲಿ ಹಬ್ಬವೇ ಇರುತ್ತಿರಲಿಲ್ಲ.

ಸೂರ್ಯ ಹುಟ್ಟುವ ಮೊದಲೇ ಬುಟ್ಟಿ ಹೊತ್ತು ಹೋದೆವು. ಒಬ್ಬರು ದೊಂದಿ ಹಿಡಿದು ಮುಂದೆ, ನಮ್ಮವರು ಬೇಯಿಸಿದ ಸೊಪ್ಪನ್ನು ಚರಗವಾಗಿ ಗದ್ದೆಗೆ ಬೀರುತ್ತಾ ಹೂಯ್ ಅಂತ ಕೂಗುತ್ತಾ ಹಿಂದೆ. ಸುತ್ತಲಿನ ಗದ್ದೆಗಳಿಂದಲೂ ಹೂಯ್ ಕೇಳಿಸಿತು. ಬೆಳೆ ಪೂರ್ತಿ ಹೋದವರೂ ಬಂದಿದ್ದರು. ಬೆಳಕು ಹರಿದ ಮೇಲೆ ಒಂದು ಬುಡದ ಭತ್ತಕ್ಕೆ ಅರಿಶಿನ ಕುಂಕುಮ ಹಚ್ಚಿ, ನನ್ನ ಕೊರಳ ಸರ ತೆಗೆದು ಹಾಕಿ ಪೂಜೆ ಮಾಡಿದೆವು. ಪ್ರತಿ ವರ್ಷ ಚೆನ್ನಾಗಿರುವ ಬುಡ ಹುಡುಕುತ್ತಿದ್ದೆವು. ಈ ಸಲ ಅತ್ತೆ ಮೇಲಿನ ಗದ್ದೆಯಲ್ಲೇ, ಅರ್ಧ ಒಣಗಿದ ಬುಡದ ಮುಂದೆ ಎಡೆ ಇಡಿಸಿದರು.

ಅಲ್ಲಿ ನನಗೆ ಅಳು ಬಂತು. ದೇವರೇ, ಕೆಳಗಿನ ಗದ್ದೆಗೆ ಕೆರೆಯ ಪಸೆ ಉಳಿಸಿದೆಯಲ್ಲ, ಕಣಜದಲ್ಲಿ ಹೋದ ವರ್ಷದ ಅಕ್ಕಿ ಇದೆಯಲ್ಲ, ಬಿತ್ತನೆಗೆ ಬೀಜ ಇದೆಯಲ್ಲ ಅಂತ ಒಂದೊಂದೇ ಹೇಳಿಕೊಂಡೆ. ಮಳೆಯನ್ನೂ ಕೇಳಿದೆ. ಕೇಳಬಾರದು ಅಂತೇನಿಲ್ಲವಲ್ಲ.

ಊಟ ಗದ್ದೆಯಲ್ಲೇ. ಕಾಗೆಗೆ, ಇಲಿಗೆ ಅವುಗಳ ಪಾಲು ಇಟ್ಟಾಯಿತು. ರಾತ್ರಿ 1-05ಕ್ಕೆ ಚಂದ್ರಗ್ರಹಣ ಬೇರೆ ಇದೆ. ಅದಕ್ಕೆ ಎಲ್ಲರೂ ಬೇಗ ಮನೆಗೆ ಬಂದೆವು. ಮೇಲಿನ ಗದ್ದೆಯನ್ನು ಸೋಮವಾರ ಕೊಯ್ದು ದನಗಳ ಮೇವಿಗೆ ಹಾಕುವುದು ಅಂತ ತೀರ್ಮಾನ ಆಗಿದೆ. ಪೂಜೆ ಮಾಡಿದ ಆ ಒಂದು ಬುಡ ಬಿಟ್ಟು.